ವೀರಕಥೆಯ ರಾಜಕುಮಾರಿ ಮತ್ತು ಮೋಹಿನಿ

1938ರ ಜೂನ್ ತಿಂಗಳ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ, ಅವನೊಡನೆ ಲೋಯಿಸ್ ಲೇನ್ ಎಂಬ ಪತ್ರಕರ್ತೆಯೂ ಬಂದಳು. ಆಕೆಗೆ ಉದ್ಯೋಗವಿತ್ತು, ಧೈರ್ಯವಿತ್ತು, ಹರಿತವಾದ ನಾಲಗೆಯೂ ಇತ್ತು. ಆದರೂ ಕಥೆ ಆಕೆಯಿಂದ ಹೆಚ್ಚಾಗಿ ಬಯಸಿದ್ದು ಒಂದನ್ನೇ: ಆಕೆ ಅಪಾಯಕ್ಕೆ ಸಿಲುಕಬೇಕು, ವೀರ ಬಂದು ಬಿಡಿಸಬೇಕು. 1973ರಲ್ಲಿ ಸ್ಪೈಡರ್‌ಮ್ಯಾನನ ಪ್ರಿಯತಮೆ ಗ್ವೆನ್ ಸ್ಟೇಸಿ ಸತ್ತಳು. 1994ರಲ್ಲಿ ಗ್ರೀನ್ ಲ್ಯಾಂಟರ್ನ್‌ನ ಪ್ರೇಯಸಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಲಾಯಿತು. ವೀರನ ಸಿಟ್ಟಿಗೆ ಕಾರಣ ಒದಗಿಸಲೆಂದೇ ಬಲಿಯಾದ ಇಂತಹ ಸ್ತ್ರೀಪಾತ್ರಗಳ ಪಟ್ಟಿಯನ್ನು 1999ರಲ್ಲಿ ಗೇಲ್ ಸಿಮೋನ್ ಜನರ ಮುಂದಿಟ್ಟರು.

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಇದು ದೂರದ ಸಂಗತಿಯೇನಲ್ಲ. ತೆಲುಗು ನಾಡಿನಲ್ಲಿ ಅತಿಮಾನುಷ ಸಾಹಸದ ವೀರ ಮನೆಮಾತಾದದ್ದು ಜಾನಪದ ಚಲನಚಿತ್ರಗಳ ಮೂಲಕ. ಆ ಲೋಕವನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಿ. ವಿಠಲಾಚಾರ್ಯರು ನಮ್ಮ ಉಡುಪಿಯ ಕಡೆಯವರು.

ಮೊದಲು 1951ರ 'ಪಾತಾಳಭೈರವಿ'ಯನ್ನು ನೆನೆಯೋಣ. ತೋಟಗಾರ್ತಿಯ ಮಗ ತೋಟರಾಮುಡು ರಾಜಕುಮಾರಿ ಇಂದುಮತಿಯನ್ನು ಒಲಿಯುತ್ತಾನೆ. ಮಾಂತ್ರಿಕ ಆಕೆಯನ್ನು ಅಪಹರಿಸುತ್ತಾನೆ. ವೀರ ಬಿಡಿಸಿ ತರುತ್ತಾನೆ. ಕೇಳಿದ್ದನ್ನು ಕೊಡುವ ಶಕ್ತಿಯಿರುವುದು ಒಂದು ಹೆಣ್ಣುದೇವತೆಯ ಪ್ರತಿಮೆಯಲ್ಲಿ. ಆದರೆ ಆ ಶಕ್ತಿಯೂ ಪ್ರತಿಮೆ ಯಾರ ಕೈಯಲ್ಲಿದೆಯೋ ಅವರ ಮಾತನ್ನೇ ಕೇಳುತ್ತದೆ. ರಾಜಕುಮಾರಿಯಂತೆ ದೇವಿಯೂ ಇಲ್ಲಿ ಕೈಯಿಂದ ಕೈಗೆ ದಾಟುವವಳೇ.

1920ರಲ್ಲಿ ಉದ್ಯಾವರದಲ್ಲಿ ಹುಟ್ಟಿದ ವಿಠಲಾಚಾರ್ಯರು ಡಿ. ಶಂಕರ್ ಸಿಂಗ್ ಅವರೊಡನೆ ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿ ದುಡಿದು, ಬಳಿಕ ತೆಲುಗಿಗೆ ಹೋಗಿ 'ಜಾನಪದ ಬ್ರಹ್ಮ' ಎನಿಸಿಕೊಂಡರು. ಅವರ 1960ರ ಚಿತ್ರ 'ಕನಕದುರ್ಗ ಪೂಜಾ ಮಹಿಮ'ದ ಹೆಸರಿನಲ್ಲಿರುವವಳು ವಿಜಯವಾಡದ ಇಂದ್ರಕೀಲಾದ್ರಿಯ ದೇವಿ. ಮಹಿಷನನ್ನು ಮರ್ದಿಸಲು ಆಕೆಗೆ ಯಾವ ವೀರನ ನೆರವೂ ಬೇಕಿಲ್ಲ. ಆದರೆ ಮನುಷ್ಯ ಹೆಣ್ಣಿಗೆ ಕಥೆ ಆ ಸ್ವಾತಂತ್ರ್ಯವನ್ನು ಕೊಡುವುದಿಲ್ಲ. 1963ರ 'ಬಂದಿಪೋಟು'ವಿನಲ್ಲಿ ಎನ್.ಟಿ. ರಾಮರಾವ್ ಬಡವರ ಪರ ನಿಂತ ದರೋಡೆಕೋರ, ಕೃಷ್ಣಕುಮಾರಿ ಬಿಗುಮಾನದ ರಾಜಕುಮಾರಿ. ಆಕೆಯ ದರ್ಪ ಇಳಿಸುವುದೇ ಅಲ್ಲಿ ಪ್ರೇಮಕ್ಕೆ ಪೀಠಿಕೆ.

ಈ ಕ್ರಮ ಅಲುಗಾಡಿದ್ದು 'ಜಗನ್ಮೋಹಿನಿ'ಯಲ್ಲಿ. 1951ರಲ್ಲಿ ಮಹಾತ್ಮ ಪಿಕ್ಚರ್ಸ್ ಇದೇ ಹೆಸರಿನ ಕನ್ನಡ ಚಿತ್ರವನ್ನು ತಂದಿತ್ತು. 1978ರಲ್ಲಿ ವಿಠಲಾಚಾರ್ಯರು ಆ ಹೆಸರನ್ನು ತೆಲುಗು ತೆರೆಗೆ ತಂದಾಗ, ಶೀರ್ಷಿಕೆ ಸಂದದ್ದು ನರಸಿಂಹರಾಜು ಅಭಿನಯಿಸಿದ ನಾಯಕನಿಗಲ್ಲ, ಜಯಮಾಲಿನಿ ಅಭಿನಯಿಸಿದ ಮೋಹಿನಿಗೆ. ಹಿಂದಿನ ಜನ್ಮದ ಬಾಕಿಯನ್ನು ಕೇಳಲು ಆಕೆ ಬರುತ್ತಾಳೆ. ಆಕೆಗೆ ಎದುರಾಗಿ ನಿಲ್ಲುವವಳು ನಾಯಕನ ಪತ್ನಿ, ದೇವಿಯ ಭಕ್ತೆ. ಇಬ್ಬರು ಹೆಂಗಸರ ಈ ಹೋರಾಟದಲ್ಲಿ ರಕ್ಷಣೆ ಬೇಕಾದವನು ಗಂಡಸು. ಇಂದುಮತಿ ನಿಂತಿದ್ದ ಜಾಗದಲ್ಲಿ ಈಗ ಅವನು ನಿಂತಿದ್ದಾನೆ.

ಇದನ್ನು ಹೆಣ್ಣಿನ ಗೆಲುವೆಂದು ಕರೆಯಲು ನಾವು ಹಿಂಜರಿಯುತ್ತೇವೆ. ಸ್ವಂತ ಬಯಕೆಯುಳ್ಳವಳು ಪಿಶಾಚಿಯಾಗಲೇಬೇಕಾಯಿತು, ಗೆಲ್ಲುವವಳು ಪತಿವ್ರತೆಯಾಗಲೇಬೇಕಾಯಿತು. ನಡುವೆ ಬದುಕಿರುವ ಸಾಮಾನ್ಯ ಹೆಣ್ಣಿಗೆ ಅಲ್ಲಿ ಸ್ಥಳ ಸಿಗಲಿಲ್ಲ.

ಹೋಲಿಕೆಗೆ, ಕನ್ನಡದಲ್ಲೂ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್‌ನ ಮೂಲಕ ನಮ್ಮಲ್ಲಿ ಹಲವರಿಗೆ ಪರಿಚಿತಳಾದ ಡಯಾನಾ ಪಾಮರ್ ಇದ್ದಾಳೆ. ಲೀ ಫಾಕ್ ಆಕೆಯನ್ನು 1936ರ ಮೊದಲ ಫ್ಯಾಂಟಮ್ ಕಥೆಯಲ್ಲೇ ತಂದರು. ಮದುವೆ ನಡೆದದ್ದು 1977ರಲ್ಲಿ, 41 ವರ್ಷಗಳ ಬಳಿಕ. ಆಕೆಯೂ ಪದೇ ಪದೇ ಅಪಹರಣಕ್ಕೆ ಗುರಿಯಾದವಳೇ. ಆದರೆ ತಲೆಬುರುಡೆಯ ಗುಹೆಯ ಆಚೆ ಆಕೆಗೆ ವಿಶ್ವಸಂಸ್ಥೆಯ ಕೆಲಸವಿತ್ತು, ಮದುವೆಯ ನಂತರವೂ ಅದು ಉಳಿಯಿತು. ಫ್ಯಾಂಟಮ್ ಕಾಡಿನಲ್ಲಿದ್ದಾಗಲೂ ಆಕೆಯ ದಿನ ಸಾಗುತ್ತಿತ್ತು.

ವಿಠಲಾಚಾರ್ಯರು ತೀರಿಕೊಂಡದ್ದು 1999ರಲ್ಲಿ, ಸಿಮೋನ್ ತಮ್ಮ ಪಟ್ಟಿಯನ್ನು ಹೊರತಂದ ವರ್ಷವೇ. ಅವರ ಮಾಯಾಲೋಕವನ್ನು ನಾವು ಈಗಲೂ ಸಂತೋಷದಿಂದ ನೋಡುತ್ತೇವೆ, ಮಕ್ಕಳಿಗೂ ತೋರಿಸುತ್ತೇವೆ. ತೋರಿಸುವಾಗ ಅವರೊಡನೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ: ವೀರ ತೆರೆಯ ಮೇಲಿಲ್ಲದ ಹೊತ್ತಿನಲ್ಲಿ ರಾಜಕುಮಾರಿ ಏನು ಮಾಡುತ್ತಿದ್ದಾಳೆ? ಉತ್ತರ ಹೊಳೆಯದಿದ್ದರೆ, ಆ ಭಾಗದ ಕಥೆಯನ್ನು ಮಕ್ಕಳೇ ಕಟ್ಟಿ ಹೇಳಲಿ.