ಅಪ್ಪ ಗೆದ್ದ ಚುನಾವಣೆ, ಮಗ ಕೂತ ಕುರ್ಚಿ

ನಾನು ಓದಿದ್ದು ಇಂಜಿನಿಯರಿಂಗ್, ಕಾನೂನಿನ ಜ್ಞಾನ ಅಷ್ಟಕ್ಕಷ್ಟೆ. ಆದರೂ ಅಮೆರಿಕದ ಅಲಬಾಮಾ ರಾಜ್ಯದ 1954ರ ಈ ಚುನಾವಣೆಯ ಬಗ್ಗೆ ಬರೆಯದೇ ಇರೋಕೆ ಆಗ್ಲಿಲ್ಲ.

ನಮ್ಮಲ್ಲಿ ಅಡ್ವೊಕೇಟ್ ಜನರಲ್‌ರನ್ನು ರಾಜ್ಯಪಾಲರು ನೇಮಿಸುತ್ತಾರೆ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಅಟಾರ್ನಿ ಜನರಲ್ ಆಗಬೇಕಾದರೆ ಜನರ ಹತ್ತಿರ ಓಟು ಕೇಳಬೇಕು!

ಅಲಬಾಮಾದ ಗಡಿಯಲ್ಲಿ, ಚಟ್ಟಹೂಚಿ ನದಿಯ ದಡದಲ್ಲಿ ಫೀನಿಕ್ಸ್ ಸಿಟಿ ಅನ್ನೋ ಊರು. ಹೊಳೆಯಾಚೆ ಫೋರ್ಟ್ ಬೆನ್ನಿಂಗ್ ಸೇನಾ ನೆಲೆ. ಜೂಜು, ವೇಶ್ಯಾವಾಟಿಕೆಗಳಲ್ಲಿ ಸೈನಿಕರ ಜೇಬು ಖಾಲಿ ಮಾಡೋದೇ ಊರಿನ ದೊಡ್ಡ ದಂಧೆ. ಕಾನೂನು ಕಾಯಬೇಕಾದವರೂ ಅದರಲ್ಲಿ ಶಾಮೀಲು. ಇದನ್ನು ನಿಲ್ಲಿಸ್ತೀನಿ ಅಂತ ಅಟಾರ್ನಿ ಜನರಲ್ ಹುದ್ದೆಗೆ ನಿಂತವರು ಅದೇ ಊರಿನ ವಕೀಲ ಆಲ್ಬರ್ಟ್ ಪ್ಯಾಟರ್ಸನ್. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಊರುಗೋಲು ಹಿಡಿದು ಓಡಾಡುತ್ತಿದ್ದ ಮನುಷ್ಯ.

ಆಗ ಅಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕರೆ ಗೆದ್ದ ಹಾಗೇ. ಆ ಟಿಕೆಟ್ಟಿಗಾಗಿ ನಡೆದ ಮತದಾನದಲ್ಲಿ, ಬರ್ಮಿಂಗ್‌ಹ್ಯಾಮ್ ಕಡೆ ಲೆಕ್ಕವನ್ನೇ ತಿದ್ದಿದರೂ, ಪ್ಯಾಟರ್ಸನ್ 854 ಮತಗಳಿಂದ ಗೆದ್ದರು. ಜೂನ್ 18ರ ರಾತ್ರಿ, ತಮ್ಮ ಆಫೀಸಿನ ಪಕ್ಕದಲ್ಲೇ ಗುಂಡಿಗೆ ಬಲಿಯಾದರು.

ಊರಿಗೆ ಸೈನ್ಯ ಬಂತು, ಜೂಜುಕಟ್ಟೆಗಳು ಮುಚ್ಚಿದವು. ಕೊಲೆ ಆರೋಪ ಬಿದ್ದಿದ್ದು ಯಾರ ಮೇಲೆ ಗೊತ್ತಾ? ಡೆಪ್ಯುಟಿ ಶೆರಿಫ್ ಆಲ್ಬರ್ಟ್ ಫುಲ್ಲರ್, ಸರ್ಕಾರಿ ವಕೀಲ ಆರ್ಚ್ ಫೆರೆಲ್, ಜೊತೆಗೆ ಆಗಿನ ಅಟಾರ್ನಿ ಜನರಲ್ ಸೈಲಸ್ ಗ್ಯಾರೆಟ್! ಫುಲ್ಲರ್‌ಗೆ ಜೀವಾವಧಿ, ಫೆರೆಲ್ ಖುಲಾಸೆ, ಗ್ಯಾರೆಟ್ ವಿಚಾರಣೆ ನಡೆಯಲೇ ಇಲ್ಲ.

ಅಪ್ಪನ ಜಾಗಕ್ಕೆ ಮಗ ಜಾನ್ ಪ್ಯಾಟರ್ಸನ್ ಬಂದರು. ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ' ಅಂತ ಬರ್ತಿತ್ತು...

ಆದರೆ 1956ರಲ್ಲಿ ಇದೇ ಜಾನ್, ಕಪ್ಪು ಜನರ ಹಕ್ಕುಗಳಿಗೆ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆ ಅಲಬಾಮಾದಲ್ಲಿ ಕೆಲಸ ಮಾಡದಂತೆ ಕೋರ್ಟಿನಿಂದ ತಡೆ ತಂದರು. ಸದಸ್ಯರ ಹೆಸರಿನ ಪಟ್ಟಿ ಕೊಡಿ ಅಂದರು. ಹೆಸರು ಹೊರಗೆ ಬಂದರೆ ಕೆಲಸ ಹೋಗಬಹುದು, ಜೀವಕ್ಕೂ ಅಪಾಯ. ಸಂಸ್ಥೆ ಒಪ್ಪಲಿಲ್ಲ, ಒಂದು ಲಕ್ಷ ಡಾಲರ್ ದಂಡ ಬಿತ್ತು. 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಸಂಸ್ಥೆಯ ಪರ ನಿಂತಿತು. ಜಾನ್ ಅದೇ ವರ್ಷ ಗವರ್ನರ್ ಚುನಾವಣೆ ಗೆದ್ದರು. ಸಂಸ್ಥೆ ಅಲಬಾಮಾದಲ್ಲಿ ಮತ್ತೆ ಕೆಲಸ ಶುರು ಮಾಡಲು 1964 ಬರಬೇಕಾಯ್ತು.

ಅಪ್ಪನಿಗೆ ಪ್ರಾಣ ಕೊಟ್ಟಾದರೂ ಬೇಕಿದ್ದ ಕಾನೂನು, ಮಗನ ಕೈಯಲ್ಲಿ ಹೀಗೇಕಾಯ್ತು? ನನಗನ್ನಿಸೋದು ಇಷ್ಟು: ಆ ದಿನಗಳಲ್ಲಿ ಅಲಬಾಮಾದ ಕಪ್ಪು ಜನರಲ್ಲಿ ಹೆಚ್ಚಿನವರಿಗೆ ಓಟು ಹಾಕಲು ಬಿಡುತ್ತಲೇ ಇರಲಿಲ್ಲ. ಓಟು ಕೇಳಿ ಬಂದವನು ಓಟು ಇದ್ದವರ ವಕೀಲನಾದ, ಅಷ್ಟೆ.

ಹಾಗಂತ ನೇಮಕವೇ ಮೇಲು ಅನ್ನೋ ಧೈರ್ಯವೂ ನನಗಿಲ್ಲ. ನೀವೇನಂತೀರಿ?