ಬಳ್ಳಾರಿಯದಲ್ಲದ ಬಳ್ಳಾರಿ ಜಾಲಿ

ಬಯಲುಸೀಮೆಯ ಗೋಮಾಳ, ಬತ್ತಿದ ಕೆರೆಯಂಗಳ, ರೈಲುಹಾದಿಯ ಅಂಚುಗಳಲ್ಲಿ ಮುಳ್ಳುಮುಳ್ಳಾಗಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಗಿಡದ ವಿಷಯದಲ್ಲಿ ಒಂದು ಅನುಕೂಲವಿದೆ. ಅದರ ಬೇರೆ ಹೆಸರುಗಳೂ ನಮ್ಮ ಕಿವಿಗೆ ಬಿದ್ದಿರುತ್ತವೆ. ತಮಿಳಿನಲ್ಲಿ ಅದು ಸೀಮೈ ಕರುವೇಲಂ, ಅಂದರೆ ಪರದೇಶದ ಕರಿಜಾಲಿ. ತೆಲುಗಿನಲ್ಲಿ ಸರ್ಕಾರು ತುಮ್ಮ. ಮರಾಠಿಯ ವೇಡಿ ಬಾಭಳ, ಗುಜರಾತಿಯ ಗಾಂಡೋ ಬಾವಳ ಎರಡರ ಅರ್ಥವೂ ಹುಚ್ಚುಜಾಲಿ. ದೆಹಲಿಯಲ್ಲಿ ವಿಲಾಯತಿ ಕೀಕರ್. ಯಾರೂ ಇದನ್ನು ತಮ್ಮದೆಂದು ಒಪ್ಪಿಕೊಂಡಿಲ್ಲ. ಕನ್ನಡ ಮಾತ್ರ ಅದನ್ನು ತನ್ನದೇ ಒಂದು ಜಿಲ್ಲೆಯ ತಲೆಗೆ ಕಟ್ಟಿದೆ.

ಈ ಆರೋಪ ನಿಜವಲ್ಲ. ಪ್ರೊಸಾಪಿಸ್ ಜೂಲಿಫ್ಲೋರಾ ಎಂದು ಸಸ್ಯಶಾಸ್ತ್ರ ಕರೆಯುತ್ತ ಬಂದ ಈ ಮರದ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಸೀಮೆ. 1876ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್, ಒಣನೆಲದಲ್ಲೂ ಬೆಳೆಯುವ ಈ ಮರದ ಬೀಜಗಳನ್ನು ತರಿಸಿಕೊಡುವಂತೆ ಕಂದಾಯ ಇಲಾಖೆಗೆ ಬರೆದ. ಜಮೈಕಾ ಮೂಲದ ಆ ಬೀಜಗಳನ್ನು 1877ರಲ್ಲಿ ಬಿತ್ತಿದ್ದು ಕಡಪ ಜಿಲ್ಲೆಯ ಕಮಲಾಪುರದಲ್ಲಿ. ಹಂಪಿಯ ಪಕ್ಕದ ಕಮಲಾಪುರ ಬೇರೆ, ಇದು ಬೇರೆ. ಆದರೂ ಬಳ್ಳಾರಿ ದೂರವಿರಲಿಲ್ಲ. ಅನಂತಪುರ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಅಲ್ಲಿಯವರೆಗೆ ಅದು ಬಳ್ಳಾರಿಯ ಭಾಗವಾಗಿದ್ದುದರಿಂದ ಬಳ್ಳಾರಿ, ಕಡಪ ನೆರೆಹೊರೆಯ ಜಿಲ್ಲೆಗಳಾಗಿದ್ದವು. ಗಿಡ ಬಂದ ದಿಕ್ಕು ಹೆಸರಿನಲ್ಲಿ ಉಳಿದು, ತಂದವರು ಮರೆತುಹೋದರೆಂದು ನಾವು ಊಹಿಸಬಹುದು. ಆ ಮಟ್ಟಿಗೆ ತೆಲುಗರ ಹೆಸರೇ ದಾಖಲೆಗೆ ಹತ್ತಿರ: ಇದು ಸರ್ಕಾರದ ಮರ.

ಆ ಕಾಲವನ್ನೂ ನೆನೆಯಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮ ದಕ್ಷಿಣದ ಒಣಸೀಮೆಯಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಬಳ್ಳಾರಿ ತೀವ್ರವಾಗಿ ನರಳಿದ ಜಿಲ್ಲೆಗಳಲ್ಲೊಂದು. ನೀರಿಲ್ಲದೆಯೂ ಬದುಕಿ, ಬೇಗನೆ ಬೆಳೆದು, ಸೌದೆ ಕೊಡುವ ಮರ ಆ ದಿನಗಳಲ್ಲಿ ವರವಾಗಿ ಕಂಡದ್ದು ಸಹಜ. ಆದರೆ ಯಾವ ಗುಣಗಳಿಗೆ ಮರುಳಾಗಿ ಅದನ್ನು ತಂದರೋ ಅವೇ ಗುಣಗಳು ಮುಂದೆ ಕಾಟವಾದವು. ಅದರ ಕಾಯಿ ಸಿಹಿ, ಎಲೆಯನ್ನು ದನಕರುಗಳು ಮೂಸುವುದಿಲ್ಲ. ಕಾಯಿ ತಿಂದ ದನ ಗಟ್ಟಿಸಿಪ್ಪೆಯ ಬೀಜಗಳನ್ನು ಸಗಣಿಯ ಗೊಬ್ಬರದೊಂದಿಗೆ ಊರೂರಿಗೆ ಹಂಚುತ್ತದೆ. ಮೊಳೆತ ಸಸಿಯನ್ನು ಬಿಟ್ಟು ಸುತ್ತಲಿನ ಹುಲ್ಲನ್ನೆಲ್ಲ ಮೇಯುತ್ತದೆ. ಕಡಿದರೆ ಬುಡದಿಂದ ಹತ್ತು ಕವಲೊಡೆಯುತ್ತದೆ.

ಸ್ವದೇಶಿ ಅರಸರೂ ಈ ವ್ಯಾಮೋಹಕ್ಕೆ ಹೊರತಾಗಿರಲಿಲ್ಲ. 1930ರ ದಶಕದಲ್ಲಿ ಜೋಧಪುರದ ಮಹಾರಾಜರು ವಿಮಾನದಿಂದ ಇದರ ಬೀಜ ಚೆಲ್ಲಿಸಿದರು. 1940ರಲ್ಲಿ ಇದಕ್ಕೆ ರಾಜವೃಕ್ಷವೆಂಬ ಪದವಿಯೂ ದೊರೆಯಿತು. 1730ರಲ್ಲಿ ಖೇಜಡಲಿ ಗ್ರಾಮದ 363 ಬಿಷ್ಣೋಯಿಗಳು ಖೇಜಡಿ ಮರಗಳನ್ನು ತಬ್ಬಿ ಪ್ರಾಣ ಕೊಟ್ಟದ್ದು ಇದೇ ಜೋಧಪುರದ ಅರಮನೆಗೆ ಮರ ಕಡಿಯಲು ಬಂದವರೆದುರು. ಖೇಜಡಿ ಎಂದರೆ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ. ಮರುಭೂಮಿಗೆ ಒಗ್ಗಿದ, ದನಕ್ಕೆ ಸೊಪ್ಪು ಕೊಡುವ, ಕೆಳಗೆ ಬೆಳೆ ಬೆಳೆಯಲು ಬಿಡುವ ಮರ ಮನೆಯಂಗಳದಲ್ಲೇ ಇರುವಾಗ ಅದರ ದೂರದ ನೆಂಟನಿಗೆ ಪಟ್ಟ ಕಟ್ಟಲಾಯಿತು. ಎರಡನ್ನೂ ಒಂದೇ ಕುಲದಲ್ಲಿ ಇರಿಸಿದ್ದ ಸಸ್ಯಶಾಸ್ತ್ರಜ್ಞರು 2022ರಲ್ಲಿ ಅವುಗಳನ್ನು ಬೇರ್ಪಡಿಸಿ, ಬಳ್ಳಾರಿ ಜಾಲಿಗೆ ನೆಲ್ಟುಮಾ ಎಂಬ ಕುಲನಾಮ ಕೊಟ್ಟರು.

ಸ್ವಾತಂತ್ರ್ಯಾನಂತರವೂ ಪಾಠ ಕಲಿಯಲಿಲ್ಲ. ಕಚ್ಛದಲ್ಲಿ ಸುಮಾರು 2,500 ಚದರ ಕಿಲೋಮೀಟರಿನ ಒಂದು ಹುಲ್ಲುಗಾವಲಿದೆ. ಅದರ ಹೆಸರೂ ಬನ್ನಿ, ಕೇವಲ ಧ್ವನಿಸಾಮ್ಯ. ರಣದ ಉಪ್ಪು ಮುನ್ನುಗ್ಗುವುದನ್ನು ತಡೆಯಲೆಂದು 1961ರಲ್ಲಿ ಗುಜರಾತಿನ ಅರಣ್ಯ ಇಲಾಖೆ ಅಲ್ಲಿನ ಸುಮಾರು 31,000 ಹೆಕ್ಟೇರಿನಲ್ಲಿ ಈ ಮರ ನೆಟ್ಟಿತು. ಅದು ಬೇಲಿ ದಾಟಿ ಹುಲ್ಲನ್ನೇ ನುಂಗಿತು. ತಲೆಮಾರುಗಳಿಂದ ಕಾಂಕ್ರೇಜ್ ಹಸು ಸಾಕಿದ್ದ ಮಾಲಧಾರಿಗಳು ಎಮ್ಮೆಗಳತ್ತ ವಾಲಿದರು. ಈ ಕಾಯಿ ಹಸುಗಳಿಗೆ ಒಗ್ಗದು ಎಂಬುದು ಅವರ ಅನುಭವ.

ಹಾಗಾದರೆ ಬೇರುಸಹಿತ ಕಿತ್ತುಹಾಕಬಾರದೇಕೆ? 2017ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮದುರೈ ಪೀಠ ಹಾಗೆಯೇ ಆದೇಶಿಸಿತು; ಯಂತ್ರಗಳು ಕೆರೆಗಳಿಗಿಳಿದವು. ಅದೇ ವರ್ಷ ಚೆನ್ನೈಯ ಪೀಠ ಆ ಕೆಲಸಕ್ಕೆ ತಡೆ ನೀಡಿತು. ರಾಮನಾಥಪುರದಂಥ ಜಿಲ್ಲೆಗಳಲ್ಲಿ ಮಳೆ ಕೈಕೊಟ್ಟ ವರ್ಷ ಈ ಮರದ ಇದ್ದಿಲೇ ಬಡವರ ಬೆಳೆ. ಬನ್ನಿಯ ಮಾಲಧಾರಿಗಳಲ್ಲೂ ಇದ್ದಿಲು ಸುಟ್ಟು ಬದುಕುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಒಲೆಗಳು ಉರಿದದ್ದು ಇದೇ ಸೌದೆಯಿಂದ. ನೂರೈವತ್ತು ವರ್ಷಗಳಲ್ಲಿ ಮನುಷ್ಯರ ಹೊಟ್ಟೆಪಾಡಿಗೆ ಹೆಣೆದುಕೊಂಡ ಮರವನ್ನು ಒಂದು ಆದೇಶದಿಂದ ಬಿಡಿಸಲಾಗದು. ಅವಸರದಿಂದ ಕಡಿದು ಬುಡ ಬಿಟ್ಟರಂತೂ ಅದು ಇನ್ನೂ ದಟ್ಟವಾಗಿ ಚಿಗುರುತ್ತದೆ.

ದೆಹಲಿಯ ದಾರಿ ಇನ್ನಷ್ಟು ತಾಳ್ಮೆಯದು. ಬ್ರಿಟಿಷರು ಹೊಸ ರಾಜಧಾನಿ ಕಟ್ಟುವಾಗ ರಿಡ್ಜಿನ ಬೋಳುಬಂಡೆಗಳನ್ನು ಹಸಿರಾಗಿಸಲು ವಿಲಾಯತಿ ಕೀಕರನ್ನು ಹಬ್ಬಿಸಿದರು. ಪ್ರೊ. ಸಿ. ಆರ್. ಬಾಬು ಅವರಂಥ ಪರಿಸರ ವಿಜ್ಞಾನಿಗಳು ಅಲ್ಲಿ ಒಮ್ಮೆಲೇ ಕಡಿಯುವುದನ್ನು ಒಪ್ಪಲಿಲ್ಲ. ಮರದ ಕೊಂಬೆಗಳನ್ನು ಸವರಿ ನೆಲಕ್ಕೆ ಬಿಸಿಲು ಬಿಡುವುದು, ಕೆಳಗೆ ಸ್ಥಳೀಯ ಗಿಡಗಳನ್ನು ಬೆಳೆಸುವುದು, ಅವು ತಲೆಯೆತ್ತಿದಂತೆ ಹಳೆಯ ಮರವನ್ನು ಹಿಂದೆ ಸರಿಸುವುದು ಅವರು ತೋರಿದ ಕ್ರಮ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಚುನಾವಣೆಯ ಅವಧಿಗೂ ಗುತ್ತಿಗೆಯ ಅವಧಿಗೂ ಅದು ಹೊಂದುವುದಿಲ್ಲ.

ಬಯಲುಸೀಮೆಯ ಕೆರೆಯಂಗಳಗಳಲ್ಲೂ ಜಾಲಿ ತೆರವಿನ ಮಾತು ಆಗಾಗ ಕೇಳಿಬರುತ್ತದೆ. ಆಗ ಎಷ್ಟು ಎಕರೆ ಕಡಿದರು ಎಂಬುದಕ್ಕಿಂತ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಕಡಿದ ಜಾಗದಲ್ಲಿ ಏನು ಬೆಳೆಸುತ್ತೀರಿ? ಅದರ ಸೌದೆ, ಇದ್ದಿಲನ್ನು ನಂಬಿದವರಿಗೆ ಏನು ಕೊಡುತ್ತೀರಿ? 1877ರಲ್ಲಿ ಬೀಜ ಬಿತ್ತುವಾಗ ಇಂಥ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇವೆ, ಹೆಸರು ಮಾತ್ರ ಬಳ್ಳಾರಿಯದು.