ಎತ್ತು ಹೊಡಕೊಂಡು ಹೊಳಿಗೆ ಹೋದ ನಮ್ಮ ಕಾಕಾ

ಇವತ್ತ ಬೆಳಿ ಸುದ್ದಿ ಅಲ್ಲ, ನಮ್ಮ ಕಾಕಾನ ಸುದ್ದಿ. ಉದ್ದ ಅದ, ಪುರಸೊತ್ತಿದ್ದಾಗ ಓದ್ರಿ.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಒಂದ ಕಡೆ ನಿಲ್ಲೂ ಮನಷ್ಯಾ ಅಲ್ಲ. 1961ರ ಡಿಸೆಂಬರ್ 19ಕ್ಕ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆ ಆಯ್ತಲ್ಲ, ಅದಾದ ಎರಡು ವರ್ಷಕ್ಕ ಮನಿಯಾಗ ಯಾರಿಗೂ ಹೇಳದ ಮನಗೂಳಿಯಿಂದ ವಿಜಾಪುರಕ್ಕ ನಡಕೋತ ಹೋಗಿ ರೈಲು ಹತ್ತಿದ. ಆಗ ನಮ್ಮ ಕಡೆ ಮೀಟರ್ ಗೇಜ್ ರೈಲು. ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮುರಗಾಂವ ಬಂದರಕ್ಕ ಮುಟ್ಟಿದ. ಕೊಂಕಣಿ ಬರ್ತಿರಲಿಲ್ಲ. ಬುಟ್ಟಿಲೆ ಕಬ್ಬಿಣದ ಅದಿರು ಹೊತ್ತ. ಸಮುದ್ರ ಹೆಂಗದ ಕಾಕಾ ಅಂತ ಕೇಳಿದ್ರ, "ನಮ್ಮ ಡೋಣಿ ಹೊಳಿ ಇದ್ದಾಂಗ ಅದ, ಸವಳು ನೀರು, ಅಷ್ಟ ದೊಡ್ಡದು" ಅಂತಿದ್ದ. ಈಗ ನಮ್ಮ ಓಣ್ಯಾಗಿನ ಅರ್ಧ ಹುಡುಗರು ಗೋವಾದಾಗ ಅದಾರ. ಅವಾಗ ಹೋದವ ಇವನೊಬ್ಬನ.

1972ರ ಬರಗಾಲ ಹಿರಿಯರಿಗೆಲ್ಲ ನೆನಪದ. ಹಿಂದಿನ ವರ್ಷದ ಹಿಂಗಾರಿನೂ ಕೈಕೊಟ್ಟಿತ್ತು. ಎರಿ ಹೊಲ ಕಾಲು ಸಿಗೂವಷ್ಟು ಬಾಯಿ ಬಿಟ್ಟಿದ್ವು. ಬಣವಿ ಖಾಲಿ. ಮಂದಿ ಬರಗಾಲ ಕಾಮಗಾರಿಗೆ ಹೋಗಿ ಕಲ್ಲು ಒಡೀತಿದ್ರು, ರೇಶನ್ನಿನ ಕೆಂಪು ಜ್ವಾಳದ ರೊಟ್ಟಿ ತಿಂತಿದ್ರು. ಊರಿಗೆ ಊರು ದುಡಿಯಾಕ ಹೊರಗ ಹೊಂಟಾಗ ನಮ್ಮ ಕಾಕಾ ಉಲ್ಟಾ ಊರಿಗೆ ಬಂದ! ನಾ ಆಗ ನಾಕು ವರ್ಷದವ. ಇದೆಲ್ಲ ಅವ್ವ ಹೇಳಿದ್ದು.

ಅಪ್ಪ ಎತ್ತು ಮಾರಾಕ ಸಂತಿಗೆ ಹೊಂಟಿದ್ದ. ಕೊಳ್ಳಾವರ ಇರಲಿಲ್ಲ, ಕಟುಕರು ಕೇಳಿದ್ದ ರೇಟು. ಕಾಕಾ ಹಗ್ಗ ಕಸಗೊಂಡ. "ಅಣ್ಣಾ, ಮಳಿ ಇವತ್ತಲ್ಲ ನಾಳಿ ಬರ್ತದ. ಆವಾಗ ಬಿತ್ತಾಕ ನಿನ್ನ ಹೆಗಲ ಕೊಡ್ತೀಯೇನು?" ಅಂದನಂತ. ಎತ್ತಿಗೆ ಹೊಸಾ ಲಾಳ ಕಟ್ಟಿಸಿ, ಬಿಸಲಿಗಂಜಿ ರಾತ್ರಿ ರಾತ್ರಿ ನಡಸಿಕೊಂಡು ಕೊಲ್ಹಾರದ ಕಡೆ ಕೃಷ್ಣಾ ಹೊಳಿ ದಂಡಿಗೆ ಹೋದ. ಅಲ್ಲಿ ಕಬ್ಬಿನ ಹೊಲದಾಗ ದುಡದ. ಕೂಲಿ ರೊಕ್ಕ ತಗೊಳ್ಳಿಲ್ಲ, ಸಂಜಿಗೆ ಎರಡು ಹೊರಿ ಸೋಗಿ ತಗೊಂಡ. ಒಣ ಸೋಗಿ ಎತ್ತು ಮೂಸಿ ನೋಡಿ ಬಿಡ್ತಿದ್ವಂತ. ಉಪ್ಪಿನ ನೀರು ಚಿಮುಕಿಸಿ ಸಣ್ಣಗ ಕಡದು ಹಾಕಿದ. ನೀರು ಸೆಲಿ ಬಿದ್ದಾಗ ಉಸುಕಿನ್ಯಾಗ ವರ್ತಿ ತೋಡಿ ಕುಡಿಸಿದ. ಹಿಂಗ ಏಳೆಂಟು ತಿಂಗಳು. 1973ರ ಮಳಿಗೆ ವಾಪಸ್ ಬಂದಾಗ ಎತ್ತಿನ ಎಲುಬು ಎಣಸಬಹುದಿತ್ತಂತ, ಖರೆ ನಿಂತಿದ್ವು. ಆ ವರ್ಷ ನಮ್ಮ ಎತ್ತಿನಿಂದ ನಮ್ಮ ಹೊಲ ಅಷ್ಟ ಅಲ್ಲ, ಮಗ್ಗಲದ ಮೂರು ಮನಿಯವರ ಹೊಲಾನೂ ಬಿತ್ತಿದ್ವು.

ಇನ್ನೊಂದು ಮಾತು ಬರೀಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡೀನಿ. ನಮ್ಮಪ್ಪ ಕಟ್ಟಿ ಮ್ಯಾಲ ಕುಂತಾಗ "ಬರಗಾಲದಾಗ ಎತ್ತು ನಾ ಉಳಿಸಿದೆ" ಅಂತಿದ್ದ. ಕಾಕಾ ಅಲ್ಲೇ ಮಗ್ಗಲಕ ಬೀಡಿ ಸೇದಕೋತ ಕುಂತಿರ್ತಿದ್ದ, ಒಂದು ದಿನಾನೂ ಬಾಯಿ ಬಿಡಲಿಲ್ಲ. ಮದುವಿ ಆಗಲಿಲ್ಲ. ಪಾಲಾಗುವಾಗ "ಅಣ್ಣನ ಮಕ್ಕಳು ನಾಕು ಮಂದಿ, ನನ್ನದು ಒಂದ ಹೊಟ್ಟಿ" ಅಂತ ತನ್ನ ಎರಡು ಎಕರೆ ನಮಗ ಬಿಟ್ಟು ಮತ್ತ ಗೋವಾ ರೈಲು ಹತ್ತಿದ. ಆ ಎರಡು ಎಕರೆದಾಗ ಈಗ ನಾ ಉಳ್ಳಾಗಡ್ಡಿ ಹಚ್ಚೀನಿ. ಅಪ್ಪನೂ ಇಲ್ಲ, ಕಾಕಾನೂ ಇಲ್ಲ. ಅಪ್ಪನ ಮ್ಯಾಲ ಸಿಟ್ಟಿಲ್ಲ ನನಗ. ಆದ್ರ ಹಿಸೇಬು ತಪ್ಪು ಬರದಿದ್ರ ತಿದ್ದಬೇಕಲ್ರಿ.

ಆಲಮಟ್ಟಿ ಡ್ಯಾಮಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಾಗ. ಕಾಕಾ ಎತ್ತು ಕಟ್ಟಿದ ದಂಡಿ, ಹಳೇ ಕೊಲ್ಹಾರದ ಜೋಡಿ, ಅದರ ಹಿನ್ನೀರಿನ್ಯಾಗ ಹೋತು. ವಯಸ್ಸಾದ ಮ್ಯಾಲ ಒಮ್ಮೆ ನನ್ನ ಗಾಡಿ ಮ್ಯಾಲ ಕರಕೊಂಡು ಹೋಗಿದ್ದೆ. ನೀರಿನ ಕಡೆ ಕೈ ಮಾಡಿ, "ಅಲ್ಲೊಂದು ಮನಿಯಾಗ ಒಬ್ಬಾಕಿ ಅವ್ವ ದಿನಾ ನನಗ ಎರಡು ರೊಟ್ಟಿ, ಎತ್ತಿಗೆ ಒಂದು ಬೊಗಸಿ ಹಿಂಡಿ ಕೊಡ್ತಿದ್ಲು. ರೊಕ್ಕ ತಗೊಳ್ಳಿಲ್ಲ" ಅಂದ. ಹೊಸಾ ಕೊಲ್ಹಾರದಾಗ ಸಂಜಿತನಕ ಹುಡುಕಿದ್ವಿ. ಆಕಿ ಹೆಸರು ಅವನಿಗೆ ಮರ್ತಿತ್ತು. ಮನಿ ಮುಂದ ದೊಡ್ಡ ಹುಣಸಿ ಗಿಡ, ಬಾಗಲಕ್ಕ ಹಸರು ಬಣ್ಣ, ಇಷ್ಟ ಗುರ್ತು ಹೇಳಿದ. ಕೊಲ್ಹಾರ ಕಡೆಯವರು ಯಾರರೆ ಇದನ್ನ ಓದಿದ್ರ ನಿಮ್ಮ ಹಿರಿಯರನ್ನ ಒಂದ್ಸಲ ಕೇಳ್ರಿ. ಆ ಮನಿಯವರು ಸಿಕ್ಕರ ನಾ ಒಂದು ಚೀಲ ಜ್ವಾಳ ತಗೊಂಡು ಬರ್ತೀನಿ.